ಎರಡನೆಯ ಹಾಡು

ಎಡ್ನಾ ಗಂಡನ ಕೋಟಿನ ಕಾಲರಿನಿಂದ ಹೇಸರಗತ್ತೆಯ ಕೂದಲು ಹೆಕ್ಕುತ್ತಿದ್ದಳು. ಒಂದು ತೆಗೆದರೆ ಇನ್ನೆರಡು ಕಾಣುತ್ತಿದ್ದವು.

"ಸಾಕು ಬಿಡಮ್ಮ," ಎಂದ ಮಗ ಡ್ವೇನ್. "ಕೂದಲಿಲ್ದೆ ಹೋದ್ರೆ ಅಪ್ಪನ್ನ ಅಲ್ಲಿ ಯಾರೂ ಗುರುತು ಹಿಡಿಯಲ್ಲ."

ಶವಪೆಟ್ಟಿಗೆಯಲ್ಲಿ ಮಲಗಿದ್ದ ವೆಂಡೆಲ್ ಮೂವತ್ತಾರು ವರ್ಷ ಆರ್ಮಿ ಕಾಲೇಜಿನ ಫುಟ್‌ಬಾಲ್ ತಂಡದ ಲಾಂಛನವಾದ ಹೇಸರಗತ್ತೆಗಳನ್ನು ನೋಡಿಕೊಂಡವನು. ಆ ಕಾಲೇಜಿನಲ್ಲಿ ಓದಿದವನಲ್ಲ, ಫುಟ್‌ಬಾಲನ್ನಂತೂ ಮುಟ್ಟಿದವನೇ ಅಲ್ಲ. ಪಂದ್ಯದ ದಿನ ಪ್ರಾಣಿಯ ಮೈ ಉಜ್ಜಿ, ಗೊರಸಿಗೆ ಎಣ್ಣೆ ಹಚ್ಚಿ, ಮೈದಾನದ ಅಂಚಿನಲ್ಲಿ ಹಗ್ಗ ಹಿಡಿದು ನಿಲ್ಲುವುದು ಅವನ ಕೆಲಸ. ಅಷ್ಟಕ್ಕೇ ಅವನು ತನ್ನನ್ನು ತಂಡದ ಆಧಾರಸ್ತಂಭ ಎಂದುಕೊಂಡಿದ್ದ. ಎಡ್ನಾ ಕೂಡ ಹಾಗೇ ಅಂದುಕೊಂಡಿದ್ದಳು.

ಶನಿವಾರ ಫಿಲಡೆಲ್ಫಿಯಾದಲ್ಲಿ ನೇವಿ ಕಾಲೇಜಿನ ಮೇಲೆ ಪಂದ್ಯ. ಕಾಲೇಜಿನ ಹೆಬ್ಬಾಗಿಲಿಗೆ ಅಂಟಿಕೊಂಡ ಈ ಊರಿನಲ್ಲಿ ಆ ವಾರವೆಲ್ಲ ಎಲ್ಲ ಮಾತೂ ಒಂದೇ ಕಡೆ ಬಂದು ನಿಲ್ಲುತ್ತದೆ. ಚರ್ಚಿಗೆ ಬಂದವರು ಎಡ್ನಾಳ ಕೈ ಹಿಡಿದು, "ಪುಣ್ಯಾತ್ಮ, ನರಳದೆ ಹೋದ. ನೇವಿಗೆ ಮಣ್ಣು ಮುಕ್ಕಿಸಬೇಕು," ಎನ್ನುತ್ತಿದ್ದರು.

"ಮುಕ್ಕಿಸಲೇಬೇಕು," ಎನ್ನುತ್ತಿದ್ದಳು ಎಡ್ನಾ.

ಅವಳ ಕಣ್ಣು ಮಾತ್ರ ಬಾಗಿಲ ಮೇಲಿತ್ತು. ಅವಳು ಒಬ್ಬ ನೇವಿಯವನಿಗಾಗಿ ಕಾಯುತ್ತಿದ್ದಳು.

ಪಂದ್ಯ ಮುಗಿದ ಮೇಲೆ ಎರಡು ತಂಡಗಳೂ ಒಟ್ಟಿಗೆ ನಿಲ್ಲುತ್ತವೆ. ಮೊದಲು ಸೋತವರ ಕಾಲೇಜಿನ ಹಾಡು, ಗೆದ್ದವರು ಅವರ ಪಕ್ಕದಲ್ಲಿ ಸುಮ್ಮನೆ ನಿಲ್ಲಬೇಕು. ಆಮೇಲೆ ಗೆದ್ದವರ ಹಾಡು. ಆಟಗಾರರು ವರ್ಷವಿಡೀ ಬೆವರು ಸುರಿಸುವುದು ಆ ಎರಡನೆಯ ಹಾಡಿಗಾಗಿ. ಅರವತ್ತಕ್ಕೆ ಕೆಲಸ ಬಿಡಬೇಕಿದ್ದ ವೆಂಡೆಲ್, "ಗೆದ್ದೇ ಬಿಡ್ತೀನಿ ಎಡ್ನಾ, ಇದೊಂದು ವರ್ಷ," ಎನ್ನುತ್ತ ಮಂಡಿನೋವಿನಲ್ಲೇ ಎಂಟು ವರ್ಷ ತಳ್ಳಿದ. ಎಂಟೂ ವರ್ಷ ಸೋಲು. ಅವನು ಕೆಲಸ ಬಿಟ್ಟ ಮೇಲೆ ಆರ್ಮಿ ಗೆದ್ದಾಗ ಟಿ.ವಿ. ಮುಂದೆ ಕೂತಿದ್ದವನು, "ಹಗ್ಗ ನನ್ನ ಕೈಲಿರಲಿಲ್ವಲ್ಲ," ಎಂದು ಅಡುಗೆಮನೆಗೆ ಎದ್ದುಹೋಗಿದ್ದ.

ಇವತ್ತು ಅವನಿಗೆ ಎರಡನೆಯ ಹಾಡು ಸಿಗಲೇಬೇಕೆಂದು ಎಡ್ನಾ ಹಟ ಹಿಡಿದಿದ್ದಳು. ಆದರೆ ಎರಡನೆಯದು ಬೇಕಾದರೆ ಮೊದಲನೆಯದೂ ಬೇಕಲ್ಲ. ನೇವಿಯ ಹಾಡು ಹಾಡುವ ನಾಲಿಗೆ ಊರಿನಲ್ಲಿ ಒಂದೂ ಇರಲಿಲ್ಲ.

ಕೊನೆಗೂ ನೀಲಿ ಕೋಟು, ನೀಲಿ ಟೋಪಿಯ ಎಲ್ವುಡ್ ಪ್ರೌಟ್ ಒಳಗೆ ಬಂದ. ನೇವಿ ತಂಡದ ಲಾಂಛನವಾದ ಹೋತವನ್ನು ಮೂವತ್ತು ವರ್ಷ ಸಾಕಿದವನು. ಎಂಬತ್ತೊಂದರ ವಯಸ್ಸಿನಲ್ಲಿ ಮೇರಿಲ್ಯಾಂಡಿನಿಂದ ಬಸ್ಸು ಹಿಡಿದು ಬಂದಿದ್ದ. ಪೆಟ್ಟಿಗೆಯೊಳಗೆ ಬಗ್ಗಿ ನೋಡಿದ.

"ಕತ್ತೆ ಕಾಯೋನಿಗೆ ಇಷ್ಟು ಒಳ್ಳೆ ಕೋಟು ಯಾಕೆ?"

"ಹೇಸರಗತ್ತೆ," ಎಂದಳು ಎಡ್ನಾ. "ಬಂದ್ಯಲ್ಲ, ಸಂತೋಷ. ಸಮಾಧಿ ಹತ್ರ ನೀನು ಮೊದಲು ಹಾಡ್ಬೇಕು."

"ಮೊದಲಾ?" ಎಲ್ವುಡ್ ನೆಟ್ಟಗಾದ. "ಇಲ್ಲಿ ಸತ್ತಿರೋದು ಯಾರು? ಮೈದಾನ ಬಿಟ್ಟು ಹೋದೋನು ಸೋತ ಹಾಗೆ. ನಿಮ್ದು ಮೊದಲು, ನಮ್ದು ಆಮೇಲೆ."

"ಎಂಟು ವರ್ಷ ನಮ್ಮ ಹೊಟ್ಟೆ ಉರಿಸಿದ್ದು ಸಾಲ್ದಾ? ಒಂದು ಸಲ ಸೋತ್ರೆ ನಿನ್ನ ಗಂಟೇನು ಹೋಗತ್ತೆ?"

"ಬೇರೆ ಏನಾದ್ರೂ ಕೇಳು, ಕೊಡ್ತೀನಿ. ಬೇಕಂತಲೇ ಮೊದಲು ಹಾಡಿದ್ರೆ ನಮ್ಮೂರಿಗೆ ಯಾವ ಮುಖ ಇಟ್ಕೊಂಡು ಹೋಗ್ಲಿ?"

ಎಡ್ನಾಗೆ ಅಳು ಬಂತು, ಅದಕ್ಕಿಂತ ಜೋರಾಗಿ ಸಿಟ್ಟು ಬಂತು.

\*

ವೆಂಡೆಲ್ ಮತ್ತು ಎಲ್ವುಡ್‌ರ ಮೊದಲ ಭೇಟಿಯೂ ಜಗಳದಲ್ಲೇ ಆಗಿತ್ತು. ಎಷ್ಟೋ ವರ್ಷಗಳ ಹಿಂದೆ, ಪಂದ್ಯದ ದಿನ, ಫಿಲಡೆಲ್ಫಿಯಾದಲ್ಲಿ ಡಿಸೆಂಬರಿನ ಹಿಮ ಬೆರೆತ ಮಳೆ. ಬಿಸಿ ಕಾಫಿಯ ಫ್ಲಾಸ್ಕ್ ಹಿಡಿದು ಎಡ್ನಾ ಗಂಡನ ಪಕ್ಕದಲ್ಲಿದ್ದಳು. ಎದುರು ಬದಿಯಲ್ಲಿ ನೇವಿಯ ಹೋತ ನಡುಗಿ ನಡುಗಿ ಮೊಣಕಾಲೂರಿತು. ವೆಂಡೆಲ್ ಹಗ್ಗವನ್ನು ಹೆಂಡತಿಯ ಕೈಗೆ ತುರುಕಿ, ಹೇಸರಗತ್ತೆಯ ಮೇಲಿದ್ದ ದಪ್ಪ ಕಂಬಳಿ ಎಳೆದುಕೊಂಡು ಅತ್ತ ಓಡಿದ. ಎಡ್ನಾ ಪ್ರಾಣಿಯನ್ನು ಎಳೆದುಕೊಂಡು, ಅಲ್ಲ, ಪ್ರಾಣಿ ಎಡ್ನಾಳನ್ನು ಎಳೆದುಕೊಂಡು, ಹಿಂದೆಯೇ ಹೋಯಿತು.

"ನನ್ನ ಹೋತದ ಮೇಲೆ ಆರ್ಮಿ ಬಣ್ಣಾನಾ? ಸತ್ರೂ ಬೇಡ!" ಎಂದ ಎಲ್ವುಡ್.

"ಇದು ಸತ್ರೆ ನಾವು ಯಾರ ಮೇಲೆ ಗೆಲ್ಲೋದಯ್ಯಾ?" ಎಂದ ವೆಂಡೆಲ್. ಕಂಬಳಿಯನ್ನು ಒಳಮೈ ಹೊರಗೆ ಮಾಡಿ, ಆರ್ಮಿಯ ಅಕ್ಷರ ಕಾಣದಂತೆ ಹೋತಕ್ಕೆ ಹೊದಿಸಿದ. ಎಡ್ನಾ ಕಾಫಿ ಬಗ್ಗಿಸಿದಳು. ಆ ದಿನ ಯಾರು ಗೆದ್ದರೆಂದು ಅವಳಿಗೆ ನೆನಪಿಲ್ಲ.

\*

ಸಮಾಧಿಯ ಬಳಿ ಹಡ್ಸನ್ ನದಿಯ ಗಾಳಿ ಮುಖ ಕೊಯ್ಯುತ್ತಿತ್ತು. ಪಾದ್ರಿ ಪ್ರಾರ್ಥನೆ ಮುಗಿಸಿ ಎಡ್ನಾಳತ್ತ ನೋಡಿದರು. ಎಡ್ನಾ ಎಲ್ವುಡ್‌ನತ್ತ ನೋಡಿದಳು. ಎಲ್ವುಡ್ ತನ್ನ ಬೂಟುಗಳನ್ನು ನೋಡಿಕೊಂಡ.

"ಬಿಡಮ್ಮ, ಅವನ ಕಾಲು ಯಾಕೆ ಹಿಡೀತೀಯ?" ಎಂದ ಡ್ವೇನ್. "ನಮ್ಮದೊಂದೇ ಹಾಡಿ ಮುಗಿಸೋಣ."

"ಒಂದೇನಾ?" ಎಲ್ವುಡ್ ತಲೆಯೆತ್ತಿದ. "ಎದುರಾಳಿ ಇಲ್ದೆ ಒಂದೇ ಹಾಡಾ? ಇದೇನು ಅಭ್ಯಾಸದ ಆಟಾನಾ?"

"ಮತ್ತೆ ನೀನು ಹಾಡಲ್ಲ ಅಂದ್ಯಲ್ಲ," ಎಂದಳು ಎಡ್ನಾ.

ಊರಿನ ನಿವೃತ್ತ ಸೈನಿಕರು ಗಂಟಲು ಸರಿಮಾಡಿಕೊಂಡರು. ಹಾಡು ಎತ್ತಿಕೊಡಲು ಡ್ವೇನ್ ಕೈ ಮೇಲೆತ್ತಿದ. ಎಡ್ನಾ ಕಣ್ಣು ಮುಚ್ಚಿದಳು. ಅವಳ ಗಂಡನಿಗೆ ಹಾಡು ಸಿಗುವುದಿತ್ತು, ಗೆಲುವು ಸಿಗುವುದಿರಲಿಲ್ಲ.

ಅಷ್ಟರಲ್ಲಿ ಒಡಕು ದನಿಯೊಂದು ಎದ್ದಿತು. ಡ್ವೇನನ ಕೈ ಕೆಳಗಿಳಿಯುವ ಮೊದಲೇ ಎಲ್ವುಡ್ ಟೋಪಿ ತೆಗೆದು ನೇವಿಯ ಹಾಡು ಶುರು ಮಾಡಿಬಿಟ್ಟಿದ್ದ. ಶ್ರುತಿ ಎಲ್ಲೋ, ತಾಳ ಎಲ್ಲೋ. ಅಷ್ಟು ಜನರ ನಡುವೆ ಒಬ್ಬನೇ. ಎಡ್ನಾ ಕುರ್ಚಿಯಿಂದೆದ್ದು ಹೋಗಿ ಅವನ ಪಕ್ಕದಲ್ಲಿ ನಿಂತಳು. ಅವಳ ಹಿಂದೆ ಡ್ವೇನ್ ಬಂದ, ಆಮೇಲೆ ಊರಿಗೆ ಊರೇ ಬಂದು ಆ ನೀಲಿ ಕೋಟಿನ ಮುದುಕನನ್ನು ಸುತ್ತುವರಿದು ಸುಮ್ಮನೆ ನಿಂತಿತು. ಎರಡನೆಯ ಚರಣದಲ್ಲಿ ಅವನ ಉಸಿರು ಸಿಕ್ಕಿಕೊಂಡಿತು. ಯಾರೂ ಮುಂದಿನ ಪದ ಎತ್ತಿಕೊಡಲಿಲ್ಲ, ಯಾರೂ ಅವಸರ ಮಾಡಲಿಲ್ಲ. ಅವನೇ ಸುಧಾರಿಸಿಕೊಂಡು ಮುಗಿಸಿದ.

"ಸೋತೆ ಕಣೆ," ಎಂದ ಮೂಗು ಒರೆಸಿಕೊಳ್ಳುತ್ತ. "ಈಗ ನಿಮ್ದು ಶುರು ಮಾಡಿ. ಚಳಿ ಆಗ್ತಿದೆ."

ಎಲ್ಲರೂ ಪೆಟ್ಟಿಗೆಯತ್ತ ತಿರುಗಿದರು. ಆರ್ಮಿಯ ಹಾಡು ನದಿಯ ಆಚೆ ದಡಕ್ಕೆ ಕೇಳುವಷ್ಟು ಜೋರಾಗಿ ಎದ್ದಿತು. ಎಡ್ನಾ ಎದೆಯುಬ್ಬಿಸಿ ಹಾಡುತ್ತ ಪಕ್ಕಕ್ಕೆ ನೋಡಿದಳು. ಸೋತವನು ಸುಮ್ಮನಿರಬೇಕು, ಎಲ್ವುಡ್ ಸುಮ್ಮನೇ ಇದ್ದ. ಅವನು ಎಂಟು ವರ್ಷ ಗೆದ್ದು, ಸೋತ ಆರ್ಮಿಯ ಪಕ್ಕದಲ್ಲಿ ನಿಂತು ಕೇಳಿಸಿಕೊಂಡ ಹಾಡು. ದನಿಯಿಲ್ಲದೆ ಅವನ ತುಟಿಗಳು ಅಲುಗುತ್ತಿದ್ದವು, ಒಂದು ಪದವೂ ತಪ್ಪದೆ.