ಹಕಾರ ಬಿಟ್ಟ ಹೆಸರು

ಲಾಗ್‌ನಲ್ಲಿ ಆ ಸಾಲು ಕಂಡ ಕೂಡಲೇ ಶ್ರೀಲತಾ ಬಾಯಿಗೆ ಹಾಕಿಕೊಂಡಿದ್ದ ಕಡಲೆಬೀಜ ಅಗಿಯುವುದನ್ನೇ ಮರೆತಳು. ‘ಎರಡು ದಾಖಲೆ ಒಂದಾಯಿತು: ಹನುಮಕ್ಕ, ಅನುಮಕ್ಕ. ಗಂಡನ ಹೆಸರು ಮೂಡಲಗಿರಿಯಪ್ಪ. ಉಳಿದದ್ದು ಒಂದು.’ ಸೋಮವಾರ, ಬೆಳಿಗ್ಗೆ ಹನ್ನೊಂದು ಗಂಟೆ. ಮಧುಗಿರಿ ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ, ಫ್ಲೆಕ್ಸ್ ಅಂಗಡಿಯ ಮೇಲಿದ್ದ ಎರಡು ಕೋಣೆಯ ಆಫೀಸು. ಕೆಳಗೆ ಮಿಷನ್ನು ಯಾರದೋ ಹುಟ್ಟುಹಬ್ಬದ ಬ್ಯಾನರನ್ನು ಕರಕರ ಎಂದು ಎಳೆದು ಹಾಕುತ್ತಿತ್ತು. ಅವಳು ಆ ಸಾಲನ್ನು ಮತ್ತೆ ಓದಿದಳು. ಇನ್ನೊಂದು ಸಲವೂ ಓದಿದಳು. ಎಷ್ಟು ಸಲ ಓದಿದರೂ ಅದು ಅದೇ ಸಾಲು.

ಅದು ಅವಳೇ ಬರೆದ ಎಕ್ಸ್‌ಟೆನ್ಶನ್ನಿನ ಲಾಗು, ಅಂದರೆ ಅದು ಮಾಡಿದ ಒಂದೊಂದು ಕೆಲಸದ ದಿನಚರಿ. ಕ್ಲೌಡಿನಲ್ಲಿ ಆಪ್ ಕಟ್ಟುವವರಿಗೆಂದು ಒಂದು ದೊಡ್ಡ ವೇದಿಕೆಯಿದೆ. ಅದರಲ್ಲಿ ಇಲ್ಲದ ಸೌಲಭ್ಯವನ್ನು ಹೊರಗಿನವರು ತಯಾರಿಸಿ ಅಲ್ಲೇ ಪಬ್ಲಿಷ್ ಮಾಡಬಹುದು, ಬೇಕಾದವರು ತಮ್ಮ ಆಪ್‌ಗೆ ಸೇರಿಸಿಕೊಳ್ಳಬಹುದು. ಶ್ರೀಲತಾ ಮಾಡಿದ್ದು ಹೆಸರು ಹೊಂದಿಸುವ ಎಕ್ಸ್‌ಟೆನ್ಶನ್. ಪಟ್ಟಿಯಲ್ಲಿ ಒಬ್ಬರೇ ಎರಡು ಸಲ ಬಂದಿದ್ದರೆ ಹಿಡಿದು ಒಂದು ಮಾಡುತ್ತದೆ. ಅಂಥವು ಬೇಕಾದಷ್ಟಿವೆ ಅನ್ನಿ. ಆದರೆ ಅವಕ್ಕೆಲ್ಲ ನಮ್ಮ ಕಡೆಯವರ ಬಾಯಿ ಗೊತ್ತಿಲ್ಲ. ನಮ್ಮ ಕಡೆ ಹಕಾರ ಬಾಯಿಂದ ಹೊರಗೇ ಬರುವುದಿಲ್ಲ. ಹೊನ್ನಮ್ಮ ಒನ್ನಮ್ಮ ಆಗುತ್ತಾಳೆ, ಹುಚ್ಚಪ್ಪ ಉಚ್ಚಪ್ಪ ಆಗುತ್ತಾನೆ, ಬರೆದುಕೊಳ್ಳುವವರು ಕಿವಿಗೆ ಬಿದ್ದಂತೆ ಬರೆದುಕೊಳ್ಳುತ್ತಾರೆ.

ಇದು ಶ್ರೀಲತಾಗೆ ಬರೀ ಲೆಕ್ಕಾಚಾರದ ಮಾತಾಗಿರಲಿಲ್ಲ. ಮಿಡಿಗೇಶಿಯ ಶಾಲೆಯಲ್ಲಿ ಮೂರನೇ ಕ್ಲಾಸಿನಲ್ಲಿದ್ದಾಗ ‘ಹಳ್ಳದಲ್ಲಿ ಹಾವು’ ಎಂದು ಓದಬೇಕಾದಲ್ಲಿ ‘ಅಳ್ಳದಲ್ಲಿ ಆವು’ ಎಂದು ಓದಿ ಇಡೀ ಪೀರಿಯಡ್ಡು ಬೆಂಚಿನ ಮೇಲೆ ನಿಂತಿದ್ದಳು. ಮೇಷ್ಟ್ರು ಅವಳಂತೆಯೇ ಓದಿ ತೋರಿಸಿ ಮಕ್ಕಳನ್ನು ನಗಿಸಿದ್ದರು. ಆ ನಗು ಇವತ್ತಿಗೂ ಅವಳ ಕಿವಿಯಲ್ಲಿದೆ. ಹಾಗಾಗಿ ‘ಅ’ ಬಂದರೂ ‘ಹ’ ಬಂದರೂ ಒಂದೇ ಎಂದು ತಿಳಿಯುವ ನಿಯಮವನ್ನು ಬರೆದ ದಿನ ಅವಳಿಗೆ ಹಳೆಯ ಸೇಡು ತೀರಿಸಿಕೊಂಡಷ್ಟು ಖುಷಿಯಾಗಿತ್ತು. ವಯಸ್ಸನ್ನು ಹೋಲಿಸುವ ನಿಯಮವನ್ನು ತೆಗೆದೇ ಹಾಕಿದ್ದಳು. ಹಳ್ಳಿಯ ಹೆಂಗಸರ ವಯಸ್ಸು ಒಂದೊಂದು ಕಾಗದದಲ್ಲಿ ಒಂದೊಂದು ಇರುತ್ತದೆ, ಅದನ್ನು ನಂಬಿ ಕೂತರೆ ಯಾರೂ ಯಾರಿಗೂ ಹೊಂದುವುದಿಲ್ಲ. ಹೆಸರು, ಗಂಡನ ಹೆಸರು, ಊರು, ಮೂರೂ ಒಂದಾದರೆ ಆಳೂ ಒಂದೇ. ಪರೀಕ್ಷೆಗೆ ಹದಿನೇಳು ಜೋಡಿ ಹೆಸರು ಕೊಟ್ಟಿದ್ದಳು, ಹದಿನೇಳೂ ಪಾಸು. ಪ್ರಶ್ನೆಯೂ ಅವಳದೇ, ಉತ್ತರವೂ ಅವಳದೇ, ಪಾಸಾಗದೆ ಇನ್ನೇನು!

ಆ ಎರಡು ಹೆಸರು ಬಂದದ್ದು ಕಳ್ಳಂಬೆಳ್ಳದ ಕಡೆಯ ಒಂದು ಹಟ್ಟಿಯಿಂದ, ಅಲ್ಲಿ ಮೂಡಲಗಿರಿಯಪ್ಪಂದಿರು ನಾಲ್ಕು ಜನ ಇದ್ದಾರೆಂದು ಯಾರಿಗೆ ಗೊತ್ತಿತ್ತು? ತಾತನ ಹೆಸರನ್ನು ಎಲ್ಲ ಗಂಡುಮಕ್ಕಳೂ ತಮ್ಮ ತಮ್ಮ ಮಗನಿಗೆ ಇಡುತ್ತಾರೆ, ಅಜ್ಜಿಯ ಹೆಸರನ್ನು ಮಗಳಿಗೆ ಇಡುತ್ತಾರೆ. ಅಕ್ಕತಂಗಿಯರ ಮಕ್ಕಳು ಇಬ್ಬರು ಹನುಮಕ್ಕಂದಿರು ಅದೇ ಹಟ್ಟಿಯ ಇಬ್ಬರು ಮೂಡಲಗಿರಿಯಪ್ಪಂದಿರನ್ನು ಕಟ್ಟಿಕೊಂಡಿದ್ದರು. ಕರೆಯುವಾಗ ಒಬ್ಬಳು ಮೇಗಲ ಮನೆ ಅನುಮಕ್ಕ, ಇನ್ನೊಬ್ಬಳು ಬಾವಿತಾವಿನ ಅನುಮಕ್ಕ. ಕಾಗದದ ಮೇಲೆ ಮಾತ್ರ, ಯಾವುದೋ ಕಾಲದ ಮೇಷ್ಟ್ರು ಕೇಳಿದಂತೆ ಬರೆದುಕೊಂಡಿದ್ದರಿಂದ, ಒಬ್ಬಳು ಹನುಮಕ್ಕ, ಇನ್ನೊಬ್ಬಳು ಅನುಮಕ್ಕ. ಇಬ್ಬರನ್ನೂ ಬೇರೆ ಮಾಡಲು ಇದ್ದದ್ದು ಆ ಒಂದೇ ಒಂದು ಅಕ್ಷರ. ಶ್ರೀಲತಾಳ ಎಕ್ಸ್‌ಟೆನ್ಶನ್ ಅದನ್ನು ತಪ್ಪೆಂದು ತಿಳಿದು ಒರೆಸಿ ಹಾಕಿತ್ತು.

ಒರೆಸಿದ್ದರಿಂದ ಆದದ್ದೇನು ಎಂಬುದು ಅವಳಿಗೆ ಆಗಲೇ ಗೊತ್ತಿತ್ತು. ಶಿರಾದ ಕುರಿಗಾಹಿಗಳ ಸಂಘವೊಂದು ಅವಳ ಎಕ್ಸ್‌ಟೆನ್ಶನ್ ಹಾಕಿದ ಆಪ್‌ನಲ್ಲಿ ಲಸಿಕೆಯ ಪಟ್ಟಿ ಮಾಡಿತ್ತು. ಮುಂಗಾರಿನ ಎಳೆ ಹುಲ್ಲು ಮೇಯುವ ಮುಂಚೆ ಕರುಳುಬೇನೆಯ ಲಸಿಕೆ ಬೀಳಬೇಕು. ಪಟ್ಟಿಯಲ್ಲಿ ಇದ್ದಷ್ಟೇ ಕುರಿಗೆ ಔಷಧಿ ಬಂದಿತ್ತು. ಬಾವಿತಾವಿನ ಅನುಮಕ್ಕ ಕುರಿ ಹೊಡೆದುಕೊಂಡು ಕೆರೆ ಏರಿಯ ಹತ್ತಿರ ಬಂದು, ಸಂಜೆಯವರೆಗೂ ಕಾದು, ‘ನಿನ್ನ ಹೆಸರಿಲ್ಲ, ಮುಂದಿನ ಸರದಿಗೆ ಬಾ’ ಎನ್ನಿಸಿಕೊಂಡು ಹಿಂದಿರುಗಿದ್ದಳು. ಮುಂದಿನ ಸರದಿಗಿಂತ ಮುಂಚೆ ಮಳೆ ಬಂತು. ಎರಡೇ ದಿನದಲ್ಲಿ ಹತ್ತೊಂಬತ್ತು ಕುರಿ ಕಾಲು ಬಡಿದು ಸತ್ತವು. ಪಟ್ಟಿ ಬರೆದುಕೊಂಡ ಗಂಗಾಲಕ್ಷ್ಮಿಯೇ ಹೆಸರು ಬಿಟ್ಟಿದ್ದಾಳೆಂದು ಸಂಘದವರು ತೀರ್ಮಾನ ಮಾಡಿದ್ದರು. ಯಾವುದಕ್ಕೂ ಒಂದು ಸಲ ನೋಡೋಣವೆಂದು ಶ್ರೀಲತಾ ಇವತ್ತು ಲಾಗು ತೆಗೆದಿದ್ದಳು.

ಆಫೀಸಿನ ಯಜಮಾನ ಚೇತನ್ ಕುಮಾರ್ ಬಂದು ಅವಳ ಹಿಂದೆ ನಿಂತು ಓದಿದ. ಓದಿ, ಬಾಗಿಲನ್ನು ಮುಂದೆ ಮಾಡಿ ಬಂದ.

"ಸರಿಮಾಡೋಕೆ ಎಷ್ಟು ಹೊತ್ತು ಬೇಕು?"

"ಒಂದು ಗಂಟೆ. ಚೇತನ್, ಸಂಘಕ್ಕೆ ಹೇಳ್ಬೇಕಲ್ಲ. ಆ ಹುಡುಗಿ ಮೇಲೆ ಹಾಕಿದಾರೆ."

"ಸುಮ್ನಿರು ತಾಯಿ. ಎರಡು ಸಾವಿರ ಕಡೆ ಓಡ್ತಾ ಇದೆ ಇದು. ವೇದಿಕೆಯೋರು ಮೊದಲ್ನೇ ಪುಟದಲ್ಲಿ ಹಾಕ್ತೀವಿ ಅಂತ ಈ ವಾರ ಪರಿಶೀಲನೆ ಮಾಡ್ತಾ ಇದಾರೆ. ಈಗ ಹೋಗಿ ಡಂಗುರ ಹೊಡೀತೀಯಾ? ಸರಿಮಾಡು, ಹೊಸ ಆವೃತ್ತಿ ಹಾಕು. ಆ ಹುಡುಗಿಗೆ ಎರಡು ಬೈತಾರೆ, ಮರೀತಾರೆ."

ಶ್ರೀಲತಾ ಸರಿಮಾಡಿದಳು. ಅನುಮಾನ ಬಂದ ಜೋಡಿಯನ್ನು ಒಂದು ಮಾಡದೆ ಮನುಷ್ಯರಿಗೆ ತೋರಿಸಿ ಕೇಳುವಂತೆ ಬದಲಾಯಿಸಿ, ಒಂದೊಂದೇ ಸಾಲು ನಿಲ್ಲಿಸಿ ನಿಲ್ಲಿಸಿ ಓಡಿಸಿ ನೋಡಿದಳು. ಪಬ್ಲಿಷ್ ಮಾಡುವಾಗ ‘ಏನು ಬದಲಾಗಿದೆ’ ಎಂಬ ಕಡೆ ನಾಲ್ಕೈದು ಸಲ ಬರೆದು ಅಳಿಸಿ, ಕೊನೆಗೆ ‘ಸಣ್ಣಪುಟ್ಟ ಸುಧಾರಣೆ’ ಎಂದು ಬರೆದಳು. ಬಟನ್ ಒತ್ತಿದಳು.

ಮಂಗಳವಾರ ಗಂಗಾಲಕ್ಷ್ಮಿಯೇ ಫೋನ್ ಮಾಡಿದಳು. ಇಪ್ಪತ್ತೆರಡರ ಹುಡುಗಿ, ಅದೇ ಹಟ್ಟಿಯವಳು. ಶಿರಾದಲ್ಲಿ ಅಣ್ಣನ ಮನೆಯಲ್ಲಿದ್ದುಕೊಂಡು, ಟ್ಯಾಬ್ ಹಿಡಿದು ಹಟ್ಟಿಹಟ್ಟಿ ತಿರುಗಿ ಹೆಸರು ಬರೆಯುವ ಕೆಲಸ. ಆಪ್ ಹೇಳಿಕೊಟ್ಟ ದಿನದಿಂದ ಶ್ರೀಲತಾಳನ್ನು ಅಕ್ಕಾ ಅಕ್ಕಾ ಎಂದು ಹಚ್ಚಿಕೊಂಡಿದ್ದಳು.

"ಅಕ್ಕಾ, ನಾನು ಬರ್ದಿದ್ದೆ ಕಣಕ್ಕ. ಬಾವಿತಾವ್ ಅನುಮಕ್ಕತ್ತೆ ಜಗಲಿ ಮೇಲೆ ಕುಂತು, ಅವ್ರ ರೇಷನ್ ಕಾರ್ಡ್ ನೋಡ್ಕಂಡೇ ಬರ್ದಿದ್ದು. ಮಜ್ಗೆ ಕೊಟ್ಟಿದ್ರು, ಅದೂ ಗ್ಯಾಪ್ಕ ಐತೆ. ಆದ್ರೆ ಟ್ಯಾಬಲ್ಲಿ ಇಲ್ವಲ್ಲಕ್ಕ? ಇಲ್ದೇ ಇರೋದ್ನ ಬರ್ದಿದ್ದೆ ಅಂತ ಎಂಗೆ ಏಳ್ಲಿ? ನಾನೇ ಮರ್ತ್ನಾ?"

ಹೇಳಿಬಿಡಲು ಅದಕ್ಕಿಂತ ಒಳ್ಳೆಯ ಹೊತ್ತು ಇರಲಿಲ್ಲ. ಎದುರು ಮೇಜಿನಲ್ಲಿ ಚೇತನ್ ತಲೆ ಎತ್ತಿ ನೋಡುತ್ತಿದ್ದ. ಅವನ ಮೇಲೆ ಹಾಕುವುದೂ ಬೇಡ. ಅವನು ಇಲ್ಲದಿದ್ದರೂ ಅವಳು ಹೇಳುತ್ತಿದ್ದಳೋ ಇಲ್ಲವೋ.

"ಎಲ್ಲರಿಗೂ ಒಂದೊಂದ್ಸಲ ಮರೆವು ಆಗುತ್ತೆ ಗಂಗಾ," ಅಂದಳು ಶ್ರೀಲತಾ. "ತಲೆ ಕೆಡಿಸ್ಕೋಬೇಡ."

ಎಂಥ ಸಮಾಧಾನದ ಮಾತು! "ಅಂಗೇ ಇರ್ಬೋದು ಬುಡಕ್ಕ. ನೀವೇ ಅಂದ್ಮೇಲೆ..." ಎಂದು ಹುಡುಗಿ ಫೋನ್ ಇಟ್ಟಳು. ಶ್ರೀಲತಾ ಆ ದಿನ ಬುತ್ತಿಯ ಡಬ್ಬಿಯನ್ನು ಬಿಚ್ಚದೆ ಮನೆಗೆ ಒಯ್ದಳು. ಬಸ್ಸಿನಲ್ಲಿ ಕೂತು ತನ್ನ ಬಾಯಿಯಿಂದ ಬಂದ ಮಾತನ್ನು ನೆನೆದು ತನ್ನ ಮೇಲೇ ಅಸಹ್ಯಪಟ್ಟುಕೊಂಡಳು.

ಗುರುವಾರ ಅವಳು ಹಟ್ಟಿಗೆ ಹೋಗಲೇಬೇಕಾಯಿತು. ಗಂಗಾಲಕ್ಷ್ಮಿಯ ಜಾಗಕ್ಕೆ ಸಹನಾ ಎಂಬ ಇನ್ನೊಬ್ಬ ಹುಡುಗಿಯನ್ನು ತೆಗೆದುಕೊಂಡಿದ್ದೇವೆ, ಆಪ್ ಹೇಳಿಕೊಡಲು ಯಾರನ್ನಾದರೂ ಕಳಿಸಿ ಎಂದು ಸಂಘದ ಕಾರ್ಯದರ್ಶಿ ನಾಗಲಿಂಗಯ್ಯ ಚೇತನ್‌ಗೆ ಹೇಳಿದ್ದರು. ಹೋದರೆ ಅರಳಿಕಟ್ಟೆಯ ಸುತ್ತ ಜನ ಸೇರಿದ್ದರು. ಪಾಠಕ್ಕೆ ಮುಂಚೆ ಇನ್ನೊಂದು ಕೆಲಸವಿತ್ತು. ಹಟ್ಟಿಯವರು ಸಂಘವನ್ನು ಮತ್ತೆ ನಂಬಬೇಕಾದರೆ ತಪ್ಪು ಮಾಡಿದವರು ಹತ್ತು ಜನರ ಮುಂದೆ ಒಪ್ಪಿಕೊಳ್ಳಬೇಕು ಎಂದು ಹಿರಿಯರು ಹೇಳಿದ್ದರಂತೆ. ಬಾವಿತಾವಿನ ಅನುಮಕ್ಕ ಕಟ್ಟೆಯ ಮೇಲೆ ಸೆರಗು ಹೊದ್ದು ಕೂತಿದ್ದಳು. ಹೊದ್ದ ಸೆರಗಿನೊಳಗೆ ಕೈ ಸುಮ್ಮನಿರದೆ ಉಣ್ಣೆ ನೂಲುವವಳ ಹಾಗೆ ಬೆರಳು ಉಜ್ಜುತ್ತಿದ್ದಳು.

ಗಂಗಾಲಕ್ಷ್ಮಿ ಎದ್ದು ನಿಂತಳು. ಮುಖ ಬಾತುಕೊಂಡಿತ್ತು. ದನಿ ಮಾತ್ರ ಗಟ್ಟಿಯಾಗಿತ್ತು.

"ತೆಪ್ಪು ನಂದೇಯಾ. ಅವತ್ತು ಅತ್ತೆ ಮಜ್ಗೆ ಕೊಟ್ರು. ಟ್ಯಾಬ್ ತೆಗ್ದೆ, ಚಾರ್ಜ್ ಇರ್ನಿಲ್ಲ. ಆಮ್ಯಾಕೆ ಬರ್ಕಂಬನ ಅಂತ ಎದ್ದು ಬಂದ್ಬುಟ್ಟೆ. ಆಮ್ಯಾಕೆ ಮರ್ತೇ ಓದೆ."

ಮಂಗಳವಾರ ಶ್ರೀಲತಾಗೆ ಫೋನ್ ಮಾಡಿದಾಗ ಈ ಚಾರ್ಜಿನ ಮಾತು ಬಂದಿರಲಿಲ್ಲ. ನಡೆಯದೇ ಇದ್ದ ಮರೆವನ್ನು ನಿಜವೆಂದು ನಂಬಿ, ಅದಕ್ಕೊಂದು ಕಾರಣವನ್ನೂ ಹುಡುಗಿ ತಾನೇ ಹುಡುಕಿಕೊಂಡಿದ್ದಳು. ಇನ್ನೆರಡು ದಿನ ಬಿಟ್ಟರೆ ಜೀವಮಾನವೆಲ್ಲ ಅದನ್ನೇ ನಂಬುತ್ತಾಳೆ. ಗಂಗಾಲಕ್ಷ್ಮಿ ಅನುಮಕ್ಕನ ಕಾಲು ಹಿಡಿಯಲು ಬಗ್ಗಿದಳು.

"ಗಂಗಾ, ಬೇಡ!" ಶ್ರೀಲತಾ ಕೂಗಿಯೇ ಬಿಟ್ಟಳು. ಎಲ್ಲರೂ ತಿರುಗಿದರು. "ಅವಳು ಮರ್ತಿಲ್ಲ. ಸರಿಯಾಗೇ ಬರ್ದಿದಾಳೆ. ಬರ್ದಿದ್ದನ್ನ ಅಳಿಸಿದ್ದು ನಾನು ಮಾಡಿದ ಪ್ರೋಗ್ರಾಂ."

ನಾಗಲಿಂಗಯ್ಯ ಮಧ್ಯೆ ಬಾಯಿ ಹಾಕಿದರು. "ಏನ್ರೀ ಮೇಡಂ ಹಿಂಗಂತೀರಾ, ಚೇತನ್ ಸಾರ್ ಏನೂ ತೊಂದ್ರೆ ಇಲ್ಲ ಅಂದ್ರಲ್ಲ!" ಶ್ರೀಲತಾ ಅವರ ಕಡೆ ನೋಡಲಿಲ್ಲ. ಟ್ಯಾಬಿನಲ್ಲಿ ಆ ಸಾಲನ್ನು ತೆಗೆದು ತೋರಿಸಿ, ಹನುಮಕ್ಕನೂ ಅನುಮಕ್ಕನೂ ಒಬ್ಬರೇ ಎಂದು ಅದು ತಿಳಿದದ್ದು ಹೇಗೆಂದು ತಡವರಿಸುತ್ತ ಹೇಳಿದಳು. ಅನುಮಕ್ಕ ಕಣ್ಣು ಕಿರಿದು ಮಾಡಿಕೊಂಡು ಕೇಳಿಸಿಕೊಂಡಳು.

"ಅಂಗಂದ್ರೆ, ನನ್ ಎಸ್ರೇ ತೆಪ್ಪು ಅಂತ ತಿಳ್ಕಂತೇನವ್ವ ನಿನ್ ಮಿಸನ್ನು?"

"ಮಿಷನ್ ಅಲ್ಲಮ್ಮ. ಹಂಗೆ ತಿಳ್ಕೊಂಡಿದ್ದು ನಾನು."

"ನಾನು ಕುರಿ ಒಡ್ಕಂಡು ಕಣ್ಮುಂದೆ ನಿಂತಿದ್ನಲ್ಲವ್ವ ಅವತ್ತು. ಒಬ್ರಾದ್ರೂ ನನ್ ಮಕ ನೋಡ್ಬಾರ್ದಾಗಿತ್ತಾ? ಎಲ್ಲಾ ಅದ್ನೇ ನೋಡ್ತಿದ್ರು." ಅವಳು ಟ್ಯಾಬಿನ ಕಡೆ ಗಲ್ಲದಿಂದ ತೋರಿಸಿದಳು. ಆಮೇಲೆ ಅನುಮಕ್ಕ ಗಂಗಾಲಕ್ಷ್ಮಿಯ ರಟ್ಟೆ ಹಿಡಿದು ಪಕ್ಕಕ್ಕೆ ಕೂರಿಸಿಕೊಂಡಳು. "ಮೂರ್ ದಿನದಿಂದ ಈ ಮಗೀನ ಬಾಯಿಗೆ ಬಂದಂಗೆ ಬೈದ್ನಲ್ಲೋ ದೇವ್ರೇ," ಎಂದು ಅತ್ತಳು. ಕುರಿ ಸತ್ತದ್ದಕ್ಕೆ ಅತ್ತು ಮುಗಿದಿತ್ತೇನೋ, ಈಗ ಇದಕ್ಕೆ ಅತ್ತಳು.

ಗಂಗಾಲಕ್ಷ್ಮಿ ಅಳಲಿಲ್ಲ. ಟ್ಯಾಬನ್ನು ತೊಡೆಯ ಮೇಲಿಟ್ಟುಕೊಂಡು ಆ ಸಾಲನ್ನು ಬೆರಳಿಟ್ಟು ಓದಿದಳು. ಮುಖ ಹಗುರವಾಯಿತು, ನಗುವೂ ಬಂದಂತಾಯಿತು. ನಂತರ ಏನೋ ಹೊಳೆದು ತಲೆ ಎತ್ತಿದಳು.

"ಇದು ನಿಮ್ಗೆ ಯಾವತ್ತು ಗೊತ್ತಾಗಿದ್ದಕ್ಕ?"

ಇವತ್ತು ಬೆಳಿಗ್ಗೆ ಎನ್ನಬಹುದಾಗಿತ್ತು. ಯಾರೂ ಪರೀಕ್ಷೆ ಮಾಡಲು ಹೋಗುತ್ತಿರಲಿಲ್ಲ.

"ಸೋಮವಾರ," ಅಂದಳು ಶ್ರೀಲತಾ.

"ನಾನು ಫೋನ್ ಮಾಡಿದ್ದು ಮಂಗಳಾರ."

"ಹೌದು."

ಗಂಗಾಲಕ್ಷ್ಮಿ ಟ್ಯಾಬನ್ನು ಆರಿಸಿ, ಸೆರಗಿನ ತುದಿಯಿಂದ ಅದರ ಗಾಜನ್ನು ಒರೆಸಿ, ಕಲಿಯಲು ಬಂದಿದ್ದ ಸಹನಾಳ ಕೈಗೆ ಕೊಟ್ಟಳು. ಕೆಲಸ ಬಿಡುವುದು ಬೇಡ ಎಂದು ನಾಗಲಿಂಗಯ್ಯನೇ ಎರಡು ಸಲ ಹೇಳಿದರೂ, "ನೋಡನ ತಕಳಿ ಸಾರ್," ಎಂದಷ್ಟೇ ಅಂದಳು.

ಮಧುಗಿರಿಗೆ ಶಿರಾದಲ್ಲಿ ಬಸ್ಸು ಬದಲಾಯಿಸಬೇಕು, ಶಿರಾ ಬಸ್ಸಿಗೆ ಇನ್ನೂ ಹೊತ್ತಿತ್ತು. ರಸ್ತೆಯಲ್ಲಿ ತಂಗುದಾಣದ ನೆರಳಿಗೆ ನಿಂತು ಶ್ರೀಲತಾ ಫೋನಿನಲ್ಲಿ ತನ್ನ ಎಕ್ಸ್‌ಟೆನ್ಶನ್ನಿನ ಪುಟ ತೆರೆದಳು. ‘ಸಣ್ಣಪುಟ್ಟ ಸುಧಾರಣೆ’ ಎಂಬುದನ್ನು ಅಳಿಸಿ ಬರೆದಳು: ‘ಹಿಂದಿನ ಆವೃತ್ತಿ ಇಬ್ಬರು ಬೇರೆ ಬೇರೆ ಮನುಷ್ಯರನ್ನು ಒಬ್ಬರೆಂದು ತಿಳಿದು ಒಬ್ಬರ ಹೆಸರನ್ನು ಅಳಿಸಿದೆ. ಅದರಿಂದ ಒಬ್ಬರಿಗೆ ನಷ್ಟವಾಗಿದೆ. ದಯವಿಟ್ಟು ನಿಮ್ಮ ಪಟ್ಟಿಗಳನ್ನು ಇವತ್ತೇ ನೋಡಿಕೊಳ್ಳಿ. ತಪ್ಪು ನನ್ನದು.’ ಕೆಳಗೆ ತನ್ನ ಹೆಸರು ಹಾಕಿ ಪಬ್ಲಿಷ್ ಮಾಡಿದಳು. ಎರಡು ನಿಮಿಷಕ್ಕೆ ಚೇತನ್‌ನ ಫೋನು ಬಂತು. ಎತ್ತಲಿಲ್ಲ. ಎರಡು ಸಾವಿರ ಪಟ್ಟಿಗಳಲ್ಲಿ ಇನ್ನೆಷ್ಟು ಜನ ಕಾದು ನಿಂತು ಹಿಂದಿರುಗಿದ್ದಾರೋ.

ಅಷ್ಟರಲ್ಲಿ ಗಂಗಾಲಕ್ಷ್ಮಿಯೂ ಶಿರಾಕ್ಕೆ ಹೋಗಲು ಬಂದು ತಂಗುದಾಣದ ಆ ತುದಿಯಲ್ಲಿ ನಿಂತಳು. "ಗಂಗಾ," ಎಂದು ಶ್ರೀಲತಾ ಕರೆದಳು. ಹುಡುಗಿ ಬಸ್ಸು ಬರುವ ಕಡೆಗೇ ನೋಡುತ್ತಿದ್ದಳು. ಬಸ್ಸು ತುಂಬಿತ್ತು, ಖಾಲಿ ಇದ್ದದ್ದು ಒಂದೇ ಸೀಟು, ಇಬ್ಬರು ಕೂರುವಂಥದ್ದು. ಗಂಗಾಲಕ್ಷ್ಮಿ ಕಿಟಕಿಯ ಹತ್ತಿರ ಕೂತಳು. ಶ್ರೀಲತಾ ಪಕ್ಕದಲ್ಲಿ ಕೂತು, ಬ್ಯಾಗನ್ನು ಎದೆಗೆ ಒತ್ತಿಕೊಂಡು, ಏನು ಹೇಳಬೇಕೆಂದು ಮಾತು ಕೂಡಿಸಿಕೊಳ್ಳುತ್ತಿದ್ದಳು.

ಕಂಡಕ್ಟರ್ ಬಂದ. ಇಬ್ಬರೂ ಒಟ್ಟಿಗೇ ಆಧಾರ್ ಕಾರ್ಡ್ ಚಾಚಿದ್ದು ನೋಡಿ, "ಶಿರಾನಾ? ಇಬ್ರೂ ಒಂದೇನಾ?" ಎಂದು ಕೇಳಿದ.

"ಅಲ್ಲ," ಅಂದಳು ಗಂಗಾಲಕ್ಷ್ಮಿ, ಕಿಟಕಿಯಿಂದ ಮುಖ ತಿರುಗಿಸದೆ. "ಬ್ಯಾರೆ ಬ್ಯಾರೆ."

ಕಂಡಕ್ಟರ್ ಮಿಷನ್ ಒತ್ತಿ ಎರಡು ಚೀಟಿ ಹರಿದು, ಒಬ್ಬೊಬ್ಬರ ಕೈಗೆ ಒಂದೊಂದು ಕೊಟ್ಟು ಮುಂದೆ ಹೋದ.