ಕುಡಿಯದವನ ತೂರಾಟ

ಲೀಮಾದ ಗುಡ್ಡದ ಮೇಲಿನ ಮನೆಯಲ್ಲಿ ಡೊಮಿಟಿಲಾಳಿಗೆ ಇದ್ದದ್ದು ಒಂದೇ ಹಂಬಲ: ಅಕ್ಟೋಬರ್ ಮೆರವಣಿಗೆಯಲ್ಲಿ ತನ್ನ ಗಂಡ ಹೊರುತ್ತಿದ್ದ ಸ್ವಾಮಿಯ ಪಲ್ಲಕ್ಕಿಗೆ ಮಗ ಎಲ್ಮೆರ್ ಹೆಗಲು ಕೊಡುವುದನ್ನು ನೋಡಬೇಕು. ಮಗನಿಗೆ ಚಿಕ್ಕಂದಿನಿಂದ ಮೂರ್ಛೆರೋಗ. ದಿನವೂ ಫೆನಿಟಾಯಿನ್ ಮಾತ್ರೆ ನುಂಗುತ್ತಿದ್ದುದರಿಂದ ಅದು ಹತೋಟಿಯಲ್ಲಿತ್ತು, ಹೊರಗಿನವರಿಗೆ ಗೊತ್ತಿರಲಿಲ್ಲ. ಮೂರ್ಛೆ ಬೀಳುವವನನ್ನು ಪಲ್ಲಕ್ಕಿಯ ಕೆಳಗೆ ಯಾರು ಬಿಟ್ಟುಕೊಳ್ಳುತ್ತಾರೆ?

ಅಪ್ಪ ಸತ್ತ ಮೇಲೆ ಎಲ್ಮೆರ್ ಕೆಲಕಾಲ ಕುಡಿತಕ್ಕೆ ಬಿದ್ದಿದ್ದ. ಆಮೇಲೆ ಸ್ವಾಮಿಯ ಮುಂದೆ ಆಣೆಯಿಟ್ಟು ಬಿಟ್ಟ. ಈ ವರ್ಷ ಅವನಿಗೆ ಹೊರುವವರ ಕೆನ್ನೀಲಿ ನಿಲುವಂಗಿ, ಸೊಂಟಕ್ಕೆ ಬಿಗಿಯುವ ಬಿಳಿ ಹಗ್ಗ ಸಿಕ್ಕಿದ್ದವು.

ಆಗಸ್ಟ್ ತಿಂಗಳು, ಅಲ್ಲಿನ ಚಳಿಗಾಲದಲ್ಲಿ, ಅವನ ತಂಗಿಗೆ ಕ್ಷಯ ಬಂತು. ಅದು ಉಳಿದವರಿಗೂ ತಗಲದಿರಲೆಂದು ಆರೋಗ್ಯ ಕೇಂದ್ರದ ನರ್ಸ್ ಮನೆಮಂದಿಗೆಲ್ಲ ಐಸೋನಿಯಾಜಿಡ್ ಮಾತ್ರೆ ಕೊಟ್ಟಳು.

"ಬೇರೆ ಯಾವ್ದಾದ್ರೂ ಮಾತ್ರೆ ತಗೋತಿದೀಯೇನಪ್ಪ?" ಎಂದು ಎಲ್ಮೆರ್‌ನನ್ನು ಕೇಳಿದಳು.

ಅವನು ಬಾಯಿ ತೆರೆಯುವ ಮೊದಲೇ ಡೊಮಿಟಿಲಾ, "ಇವನಿಗೆಂಥ ಮಾತ್ರೆ ತಾಯಿ, ಕಲ್ಲು ತಿಂದು ಕರಗಿಸ್ತಾನೆ" ಎಂದು ನಕ್ಕಳು. ಆ ನರ್ಸಿನ ಭಾವ ನೆಮೆಸಿಯೊ ಪಲ್ಲಕ್ಕಿ ಹೊರುವವರ ಮೇಸ್ತ್ರಿ.

ಅಕ್ಟೋಬರ್ ಬಂತು. ಎಲ್ಮೆರ್‌ನ ಹೆಜ್ಜೆ ತಪ್ಪತೊಡಗಿತು. ಒಂದು ದೀಪ ಎರಡಾಗಿ ಕಾಣುತ್ತದೆ ಎಂದ. "ನಿದ್ದೆ ಸಾಲದು ಕಣೋ" ಎಂದಳು ತಾಯಿ.

ಮೆರವಣಿಗೆಯ ದಿನ ಅವನು ತೂರಾಡುತ್ತಲೇ ಬಂದು ನಿಂತ.

"ಏನೋ ಎಲ್ಮೆರ್, ಹೆಗಲು ಕೊಡೋಕೆ ಬಂದ್ಯೋ, ಕುಣಿಯೋಕೆ ಬಂದ್ಯೋ?" ಎಂದ ನೆಮೆಸಿಯೊ. "ಬೆಳಿಗ್ಗೆನೇ ಏರಿಸಿದೀಯಲ್ಲೋ!"

"ಇಲ್ಲ ಮಾವಾ, ಸ್ವಾಮಿಯಾಣೆ, ಒಂದು ತೊಟ್ಟೂ ಇಲ್ಲ."

ಮಾತು ತೊದಲಿತು. ಹೊರುವವರು ಗೊಳ್ಳೆಂದು ನಕ್ಕರು.

ಕುಡಿದು ಬಂದವನ ಸೊಂಟದ ಬಿಳಿ ಹಗ್ಗವನ್ನು ಅವನ ಮನೆಯವರೇ ಬಿಚ್ಚುವುದು ಆ ಬೀದಿಯ ಪದ್ಧತಿ. ಧೂಪ ಹಿಡಿದ ಹೆಂಗಸರ ಸಾಲಿನಿಂದ ಡೊಮಿಟಿಲಾ ಬಂದು, ಎಲ್ಲರೆದುರು ಹಗ್ಗ ಎಳೆದು ಬಿಚ್ಚಿದಳು.

"ನಿಮ್ಮಪ್ಪನ ಹೆಸರಿಗೆ ಮಸಿ ಬಳಿದ್ಯಲ್ಲೋ."

"ಅಮ್ಮಾ, ನನ್ ಬಾಯಿ ಮೂಸಿ ನೋಡಮ್ಮ."

ಅವಳು ಮುಖ ತಿರುಗಿಸಿದಳು.

ಎಲ್ಮೆರ್ ಒಬ್ಬನೇ ಗುಡ್ಡದ ಮೆಟ್ಟಿಲು ಹತ್ತಿದ. ಅರ್ಧ ದಾರಿಯಲ್ಲಿ ಕಾಲು ತಪ್ಪಿ ಉರುಳಿದ, ತಲೆ ಒಡೆಯಿತು.

ಆಸ್ಪತ್ರೆಯ ವೈದ್ಯೆ ರಕ್ತ ಪರೀಕ್ಷೆ ಮಾಡಿಸಿ, "ಮೂರ್ಛೆ ಮಾತ್ರೆ ಮೈಯಲ್ಲಿ ವಿಷದಷ್ಟು ತುಂಬಿದೆ. ಇನ್ನೇನು ಕೊಡ್ತಿದ್ರಿ?" ಎಂದಳು. ಡೊಮಿಟಿಲಾ ನರ್ಸ್ ಕೊಟ್ಟ ಕ್ಷಯದ ಮಾತ್ರೆಯ ಹೆಸರು ಹೇಳಿದಳು.

"ಆ ಮಾತ್ರೆ ಇದನ್ನ ಕರಗೋಕೆ ಬಿಡಲಿಲ್ಲ ತಾಯಿ. ದಿನದಿನಾ ಉಳಿದು ಸೇರ್ಕೊಂಡು ನಡಿಗೆ, ನಾಲಿಗೆ ಎರಡನ್ನೂ ಕೆಡಿಸ್ತು. ಮೊದಲೇ ಹೇಳಿದ್ರೆ ರಕ್ತ ನೋಡ್ಕೊಂಡು ಕಡಿಮೆ ಮಾಡ್ತಿದ್ರು."

"ಹಾಗಾದ್ರೆ... ಕುಡಿದಿರ್ಲಿಲ್ವಾ?"

"ಒಂದು ತೊಟ್ಟೂ ಇಲ್ಲ."

ಎಲ್ಮೆರ್ ಮತ್ತೆ ಕಣ್ಣು ತೆರೆಯಲಿಲ್ಲ.

ನಿಜ ತಿಳಿದ ನೆಮೆಸಿಯೊ ತನ್ನವರೊಂದಿಗೆ ಬಂದು ತಲೆ ತಗ್ಗಿಸಿ ನಿಂತ. "ಅಕ್ಕಾ, ನಿಲುವಂಗಿ ತೊಡಿಸು. ನಾವೇ ಹೊರ್ತೀವಿ." ಡೊಮಿಟಿಲಾ ತೊಡಿಸಿದಳು. ಬಿಳಿ ಹಗ್ಗದ ಗಂಟು ಮಾತ್ರ ನಿಲ್ಲಲಿಲ್ಲ. ಮತ್ತೆ ಮತ್ತೆ ಕಟ್ಟಿದಳು. ಸ್ವಾಮಿಯನ್ನು ಏನೂ ಬೇಡಲಿಲ್ಲ.

ಶವಪೆಟ್ಟಿಗೆಯ ಮುಚ್ಚಳ ಎತ್ತಿ ಹಿಡಿದವರು, "ಅಕ್ಕಾ, ಹೊತ್ತಾಯ್ತು" ಎಂದರು.

ಅವಳು ಬಾಗಿ, ಮಗನ ತುಟಿಯ ಬಳಿ ಮೂಗು ಇಟ್ಟು, ನಿಧಾನವಾಗಿ ಮೂಸಿದಳು. ಹಾಗೆಯೇ ಮೂಸುತ್ತ ಇದ್ದಳು, ಯಾರು ಕರೆದರೂ ತಲೆ ಎತ್ತಲಿಲ್ಲ.