ಒಡ್ಡಿನ ಹೊಟ್ಟೆಯ ಮಣ್ಣು

ಗಂಡ ಸತ್ತ ತಿಂಗಳಿಗೆಲ್ಲ ಚೌಡಮ್ಮ ಅವನು ಸತ್ತ ಜಾಗಕ್ಕೇ ಕೂಲಿಗೆ ಹೊರಟು ನಿಂತಳು. ಊರು ಥೂ ಎಂದಿತು. "ಮಾನ ಮರ್ವಾದೆ ಐತೇನೇ ನಿನ್ಗೆ? ಆ ಮುನೀಂದ್ರನ ಕೈಕೆಳ್ಗೆ ಓಗ್ತೀಯಾ?" ಎಂದು ಅತ್ತೆ ಪೆದ್ದಮ್ಮ ಬಾಗಿಲಿಗೆ ಅಡ್ಡ ಕೂತಳು. ಚೌಡಮ್ಮ ಬುತ್ತಿ ಎತ್ತಿಕೊಂಡು ಅತ್ತೆಯನ್ನು ದಾಟಿ ನಡೆದಳು. ಮನೆಯಲ್ಲಿ ಕೂತು ಹಿಡಿಶಾಪ ಹಾಕಿದರೆ ಕಾಂಟ್ರಾಕ್ಟರ್ ಮುನೀಂದ್ರನ ಕೂದಲೂ ಕೊಂಕುವುದಿಲ್ಲ. ಅವನ ಕುತ್ತಿಗೆ ಹಿಡಿಯಬೇಕೆಂದರೆ ಕೈಗೆ ಸಿಗುವಷ್ಟು ಹತ್ತಿರ ಇರಬೇಕು.

ಗಂಡ ಓಂಕಾರಪ್ಪ ಸತ್ತದ್ದು ಅಣೆಕಟ್ಟೆಗೆ ಜೇಡಿಮಣ್ಣು ಅಗೆಯುವ ಗುಂಡಿಯಲ್ಲಿ. ಅಂಚು ಕುಸಿದು ಮೇಲೆ ಬಿತ್ತು. ಹೆಣ ಇನ್ನೂ ಹೊರಗೆ ಬಂದಿರಲಿಲ್ಲ, ಅಷ್ಟರಲ್ಲೇ ಮುನೀಂದ್ರ ಪೊಲೀಸರ ಮುಂದೆ, "ಇವ್ನು ನಮ್ ಆಳೇ ಅಲ್ಲ ಸಾರ್, ಮಣ್ಣು ಕದಿಯೋಕೆ ಬಂದು ಸತ್ತವ್ನೆ" ಎಂದುಬಿಟ್ಟ. ಇನ್ಸ್‌ಪೆಕ್ಟರು ಹಾಗೆಯೇ ಬರೆದುಕೊಂಡರು. ಪಕ್ಕದ ಹೊಲದ ಒಂದು ಅವರೆಕಾಯಿಯನ್ನೂ ಮುಟ್ಟದವನು ಸರ್ಕಾರಿ ಕಾಗದದಲ್ಲಿ ಮಣ್ಣುಕಳ್ಳನಾದ. ಮಗಳು ಅನು ಶಾಲೆಯಿಂದ ಆ ಹೆಸರನ್ನು ಹೊತ್ತುಕೊಂಡು ಅಳುತ್ತಾ ಬಂದ ದಿನ ಚೌಡಮ್ಮ ಅಳುವುದನ್ನು ನಿಲ್ಲಿಸಿದಳು. ಆಮೇಲೆ ಅವಳೊಳಗೆ ಉಳಿದದ್ದು ಸಿಟ್ಟೊಂದೇ.

ಬಂಗಾರಪೇಟೆ ಸೀಮೆಯ ಹೊಳೆಯ ವಿಷಯ ಹೇಳುವಂತಿಲ್ಲ. ಮೂರು ತಿಂಗಳು ನೀರು, ಒಂಬತ್ತು ತಿಂಗಳು ಬರೀ ಮರಳು. ಆ ಮೂರು ತಿಂಗಳ ನೀರನ್ನು ಹಿಡಿದಿಟ್ಟರೆ ಕೆಳಗಿನ ಹನ್ನೊಂದು ಹಳ್ಳಿಗಳ ಬೋರ್‌ವೆಲ್‌ಗಳಿಗೆ ಜೀವ ಬರುತ್ತದೆ. ಕೆಜಿಎಫ್‌ನ ಊರಿಗಾಂನಲ್ಲಿ, ಗಣಿ ಆಳುಗಳ ಲೈನುಮನೆಗಳ ಮುಂದೆ ಬಿಂದಿಗೆ ಸಾಲು ಇಟ್ಟು ಟ್ಯಾಂಕರಿಗೆ ಕಾಯುವ ಹೆಂಗಸರ ಮನೆಗೆ ನಲ್ಲಿಯಲ್ಲೇ ನೀರು ಹೋಗುತ್ತದೆ. ಅದಕ್ಕೇ ಎರಡು ಗುಡ್ಡಗಳ ನಡುವೆ ಈ ಮಣ್ಣಿನ ಒಡ್ಡು ಏಳುತ್ತಿತ್ತು. ಹೊರಗೆ ಕಾಣುವ ಮಣ್ಣು, ಕಲ್ಲು ಎಲ್ಲ ಬರೀ ಆಸರೆ. ನೀರನ್ನು ತಡೆಯುವುದು ನಡುವಿನ ಜೇಡಿಯ ಗೋಡೆ. ತಳದ ಬಂಡೆ ಸಿಗುವವರೆಗೆ ಅಗೆದು, ಅಲ್ಲಿಂದ ಗೇಣುಗೇಣು ದಪ್ಪ ಜೇಡಿ ಹರಡಿ, ನೀರು ಚಿಮುಕಿಸಿ, ರೋಲರ್ ಓಡಿಸಿ, ಅದು ಗಟ್ಟಿಯಾದ ಮೇಲೆ ಮತ್ತೊಂದು ಗೇಣು. ಹೆಂಗಸರು ಅದನ್ನು ಒಡ್ಡಿನ ಹೊಟ್ಟೆ ಎನ್ನುತ್ತಿದ್ದರು. ರೋಲರ್ ಬರುವ ಮುಂಚೆ ಆ ಜೇಡಿಯಿಂದ ಕಲ್ಲು, ಬೇರು ಆರಿಸಿ ಎಸೆಯುವುದು ಚೌಡಮ್ಮನ ಕೆಲಸ.

ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ಬಂದ ಮಣ್ಣು ಬಿಳಿಚಿಕೊಂಡಿತ್ತು. ಚೌಡಮ್ಮ ಒಂದು ಹಿಡಿ ನೆನೆಸಿ ಅಂಗೈಯಲ್ಲಿ ಹೊಸೆದಳು. ಒಳ್ಳೆಯ ಜೇಡಿಯಾದರೆ ಬತ್ತಿಯಂತೆ ಉದ್ದಕ್ಕೆ ಬರಬೇಕು. ಇದು ತುಂಡು ತುಂಡಾಗಿ ಉದುರಿತು. ನಾಲಿಗೆಯ ತುದಿಗೆ ಸೋಕಿಸಿ ತಟ್ಟನೆ ಉಗಿದಳು. ಅವಳ ತವರು ಕೆಜಿಎಫ್‌ನ ಕೋರಮಂಡಲ್ ಗಣಿಯ ಪಕ್ಕ, ಸೈನೈಡ್ ಗುಡ್ಡದ ಬುಡದಲ್ಲಿ. ಗಣಿ ನಡೆಯುತ್ತಿದ್ದ ಕಾಲದಲ್ಲಿ ಕಲ್ಲನ್ನು ಪುಡಿ ಮಾಡಿ, ಸೈನೈಡಿನಲ್ಲಿ ಚಿನ್ನ ತೆಗೆದುಕೊಂಡು, ಮಿಕ್ಕ ಹುಡಿಯನ್ನು ಸುರಿದು ಸುರಿದು ಆದ ಗುಡ್ಡ ಅದು. ಆಷಾಢದ ಗಾಳಿಗೆ ಆ ಹುಡಿ ಮುದ್ದೆಯ ಮೇಲೆಲ್ಲ ಕೂರುತ್ತಿತ್ತು. ಗುಡ್ಡದ ಬುಡದ ಗುಂಡಿಯ ನೀರು ಕುಡಿದು ಅವರ ಎಮ್ಮೆ ನೊರೆ ಕಾರಿ ಸತ್ತಿತ್ತು. ಆ ರುಚಿಯನ್ನು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಗುಂಡಿ ಕುಸಿದ ಮೇಲೆ ಜೇಡಿ ದೂರದಿಂದ ತರಬೇಕು, ಗುಡ್ಡ ಕೇಳುವವರಿಲ್ಲದೆ ಬಿದ್ದಿದೆ. ಮುನೀಂದ್ರನ ಲಾರಿಗಳು ಅಲ್ಲಿಂದಲೇ ಮಣ್ಣು ಹೊಡೆಯುತ್ತಿದ್ದವು. ಇದು ತಿಳಿದಾಗ ಚೌಡಮ್ಮನಿಗೆ ಮೊದಲು ಆದದ್ದು ಹೆದರಿಕೆಯಲ್ಲ, ಸಂತೋಷ. ಹನ್ನೊಂದು ಹಳ್ಳಿ, ಕುಡಿಯುವ ನೀರು, ಎಲ್ಲ ನೆನಪಾದದ್ದು ಆಮೇಲೆ. ಸಿಕ್ಕಿಬಿದ್ದೆಯಲ್ಲೋ ಎಂದುಕೊಂಡು ಅವಳು ಸೀದಾ ಅವನ ಶೆಡ್ಡಿಗೆ ಹೋದಳು.

"ಸೈನೈಡ್ ಗುಡ್ಡದ ಮಣ್ಣು ಒಡ್ಡಿನ ಒಟ್ಟೇಗೆ ಆಕ್ಸಿದ್ದೀರಲ್ಲ ಸಾಮಿ?"

ಮುನೀಂದ್ರ ಎದ್ದು ಬಾಗಿಲು ಹಾಕಿದ. "ಏನ್ ಬೇಕಮ್ಮ ನಿನ್ಗೆ?"

"ನನ್ ಗಂಡ ನಿಮ್ ಆಳು, ಕೆಲ್ಸ ಮಾಡ್ತಾನೇ ಸತ್ತ. ಅದನ್ನ ಬರ್ದು ಸೈನ್ ಆಕ್ಕೊಡಿ."

ಅಷ್ಟೇನಾ ಎಂದು ಅವನ ಮುಖ ಅರಳಿತು. ತನ್ನ ಹೆಸರಿನ ಹಾಳೆಯ ಮೇಲೆ ಬರೆದು, ಸೀಲು ಒತ್ತಿ ಕೊಟ್ಟ. "ಇನ್ ಬಾಯಿ ಬಿಡ್ಬಾರ್ದು, ಗೊತ್ತಾಯ್ತಾ?"

ಚೌಡಮ್ಮ ಕಾಗದವನ್ನು ಸೆರಗಿಗೆ ಗಂಟು ಹಾಕಿಕೊಂಡು ಹೊರಗೆ ಬಂದಳು.

ಪೆದ್ದಮ್ಮ ಆ ಕಾಗದವನ್ನು ಕಣ್ಣಿಗೆ ಒತ್ತಿಕೊಂಡು ಅತ್ತಳು. "ಎಸ್ರು ಉಳೀತಲ್ಲೇ, ಸಾಕು ಬಿಡೇ ತಾಯಿ."

"ನಿನ್ಗೆ ಸಾಕು ಅತ್ತೆ, ನನ್ಗೆ ಸಾಕಾಗಿಲ್ಲ" ಎಂದಳು ಚೌಡಮ್ಮ. ಒಂದು ಸೀಲು ಒತ್ತಿ ಅವನು ನೆಮ್ಮದಿಯಾಗಿ ಉಂಡು ಮಲಗುವುದನ್ನು ನೆನೆದರೆ ಅವಳ ಹೊಟ್ಟೆ ಉರಿಯುತ್ತಿತ್ತು.

ಆ ವಾರವೇ ದೊಡ್ಡ ಇಂಜಿನಿಯರ್ ಶಶಿರೇಖ ಮೇಡಂ ಒಡ್ಡು ನೋಡಲು ಬಂದರು. ಮುನೀಂದ್ರ ಎಳನೀರು ಹಿಡಿದು ಅವರ ಹಿಂದೆ ಮುಂದೆ ಸುಳಿಯುತ್ತಿದ್ದ. ಆಳುಗಳೆಲ್ಲ ನೋಡುತ್ತಿರುವಾಗಲೇ ಚೌಡಮ್ಮ ಒಂದು ಚೊಂಬು, ಒಂದು ಲೋಟ ತಂದಳು. ತಿಳಿನೀರನ್ನು ಲೋಟಕ್ಕೆ ಬಗ್ಗಿಸಿ ಅವನ ಮುಂದೆ ಹಿಡಿದಳು.

"ಒಡ್ಡಿನ ಮಣ್ಣನ್ನ ಎಲ್ಡು ದಿನ ನೆನೆ ಆಕಿ ತಿಳಿ ತಗ್ದಿವ್ನಿ ಸಾಮಿ. ಕೆಜಿಎಫ್ ಜನ ನಾಳೆ ಕುಡಿಯೋದು ಇದನ್ನೇ ತಾನೇ? ಮೊದ್ಲು ನೀವು ಕುಡೀರಿ."

"ಗಂಡ ಸತ್ತಾಗ್ಲಿಂದ ಇವ್ಳಿಗೆ ತಲೆ ಕೆಟ್ಟೈತೆ ಮೇಡಂ" ಎಂದು ಮುನೀಂದ್ರ ನಕ್ಕ.

ಮೇಡಂ ನಗಲಿಲ್ಲ. ಅವನ ಮುಖವನ್ನೇ ನೋಡಿದರು. "ನಿಮ್ಮದೇ ಮಣ್ಣಲ್ಲವೇ? ಒಂದು ಗುಟುಕು ಕುಡಿಯಿರಿ."

ಮುನೀಂದ್ರ ಲೋಟವನ್ನು ತುಟಿಯವರೆಗೆ ತಂದ. ತಟ್ಟನೆ ಹಿಂದಕ್ಕೆಳೆದಾಗ ಅರ್ಧ ನೀರು ಅಂಗಿಯ ಮೇಲೆ ಚೆಲ್ಲಿತು. ತುಟಿ ತೆರೆಯಲಿಲ್ಲ. ಲೋಟ ಕೆಳಗಿಟ್ಟು, ಚೆಲ್ಲಿದ ಜಾಗವನ್ನು ಟವೆಲಿನಿಂದ ತಿಕ್ಕಿ ತಿಕ್ಕಿ ಒರೆಸತೊಡಗಿದ. ಚೌಡಮ್ಮ ಕಣ್ತುಂಬ ನೋಡಿದಳು.

"ಯಾವ ಗುಂಡಿಯ ಮಣ್ಣಮ್ಮ ಇದು?" ಎಂದರು ಮೇಡಂ.

"ಗುಂಡೀದಲ್ಲಮ್ಮ, ನಮ್ ತವರಿನ ಸೈನೈಡ್ ಗುಡ್ಡದ್ದು. ಲಾರಿ ಲಾರಿ ಕದ್ದು ತಂದವ್ರೆ."

ಜೆಸಿಬಿ ತರಿಸಿ ಒಡ್ಡನ್ನು ಸೀಳಿಸಿದರು. ಕೆಂಪು ಜೇಡಿಯ ಮೇಲೆ ಬಿಳಿಚಿದ ಪದರಗಳು ಆಳುದ್ದಕ್ಕೆ ಕಂಡವು. ಅಷ್ಟನ್ನೂ ಕಿತ್ತು ಹೊರಗೆ ಹಾಕಿ ಹೊಸದಾಗಿ ಕಟ್ಟಬೇಕು, ಈ ಮನುಷ್ಯ ಇನ್ನು ಇಲ್ಲಿ ಕಾಲಿಡಕೂಡದು ಎಂದ ಮೇಡಂ ಪೊಲೀಸರಿಗೆ ಫೋನು ಮಾಡಿದರು.

ಮುನೀಂದ್ರ ಹಲ್ಲು ಕಡಿಯುತ್ತಾ ಹತ್ತಿರ ಬಂದ. "ಕಾಗ್ದ ಬರ್ಕೊಟ್ಟೆ, ಬಾಯಿ ಬಿಡ್ಬ್ಯಾಡ ಅಂದಿದ್ನಲ್ಲೇ!"

"ನೀನಂದೆ ಕಣ್ಲಾ" ಎಂದಳು ಚೌಡಮ್ಮ. "ನಾನು ಊ ಅಂದ್ನಾ?"

ಸಂಜೆಗೆ ಮುಂಚೆ ಜೀಪು ಬಂತು. ಇಳಿದವರು ಅದೇ ಇನ್ಸ್‌ಪೆಕ್ಟರು. ಚೌಡಮ್ಮ ಸೆರಗಿನ ಗಂಟು ಬಿಚ್ಚಿ ಕಾಗದ ಕೊಟ್ಟಳು. ಅವರು ಅದನ್ನು ಓದಿದರು, ಅವಳ ಮುಖ ನೋಡಲಾಗದೆ ಪೆನ್ನು ತೆಗೆದು ಇಂಜಿನಿಯರ ಕಡೆ ತಿರುಗಿದರು.

"ಇವನ ಮೇಲೆ ಏನೂಂತ ಬರೆದುಕೊಳ್ಳಲಿ ಮೇಡಂ?"

ಮೇಡಂ ಬಾಯಿ ತೆರೆಯುವ ಮೊದಲೇ ಚೌಡಮ್ಮ ಹೇಳಿದಳು. "ಆವತ್ತು ಬರ್ಕೊಂಡ್ರಲ್ಲ ಸಾಮಿ, ಮಣ್ಣು ಕದಿಯೋಕೆ ಬಂದಿದ್ದ ಅಂತ. ಅದನ್ನೇ ಬರೀರಿ. ಎಸ್ರು ಒಂದು ಬದ್ಲಾಯ್ಸಿ."